ಫೋನಿನಲ್ಲಿರುವುದು ಒಂದೇ ವಾಲ್ಯೂಮ್ ಅಲ್ಲ: ಸೌಂಡ್ ಸೆಟ್ಟಿಂಗ್ಸ್ ಗೊಂದಲ ಬಿಡಿಸುವ ಸಮಗ್ರ ಮಾರ್ಗದರ್ಶಿ

“ಫೋನಲ್ಲಿ ಸೌಂಡೇ ಬರ್ತಿಲ್ಲ ನೋಡಿ” ಎಂದು ಯಾರಾದರೂ ಫೋನ್ ಕೈಗಿತ್ತರೆ ನಾನು ಮೊದಲು ಕೇಳುವ ಪ್ರಶ್ನೆ: ಯಾವ ಸೌಂಡು? ಹೆಚ್ಚಿನವರಿಗೆ ಈ ಪ್ರಶ್ನೆಯೇ ವಿಚಿತ್ರ ಅನಿಸುತ್ತದೆ. ಸೌಂಡ್ ಅಂದ್ರೆ ಸೌಂಡು, ಅದರಲ್ಲಿ ಯಾವುದು ಅಂತ ಬೇರೆ ಇದೆಯಾ? ಇದೆ. ಯೂಟ್ಯೂಬ್ ಮನೆಯೆಲ್ಲ ಕೇಳುವಷ್ಟು ಜೋರಾಗಿದ್ದರೂ ಕರೆ ಬಂದಾಗ ಫೋನ್ ಸುಮ್ಮನಿರಬಹುದು. ರಿಂಗ್ ಚೆನ್ನಾಗಿ ಆಗಿ, ಎತ್ತಿದ ಮೇಲೆ ಆ ಕಡೆಯವರ ಮಾತು ಪಿಸುಪಿಸು ಅನ್ನಬಹುದು. ಎರಡೂ ಬೇರೆ ಬೇರೆ ತೊಂದರೆ, ಸರಿಮಾಡುವ ಜಾಗವೂ ಬೇರೆ.

ಆದ್ದರಿಂದ ಬಟನ್ ಒತ್ತುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ಇದು ಯಾವ ಬಗೆಯ ಸದ್ದು? ಅದು ಈಗ ಎಲ್ಲಿಂದ ಹೊರಬರುತ್ತಿದೆ? ಯಾವುದಾದರೂ ಮೋಡ್ ಅಥವಾ ಆ್ಯಪ್ ಅದನ್ನು ತಡೆದಿದೆಯಾ? ಇದೇ ಕ್ರಮದಲ್ಲಿ ಹೋದರೆ ಸುಮ್ನೆ ಎಲ್ಲ ಮೆನುಗಳನ್ನೂ ತಡಕಾಡುವ ಕೆಲಸ ತಪ್ಪುತ್ತದೆ.

ನಮ್ಮಲ್ಲಿ ಜಾಸ್ತಿ ಜನರ ಕೈಯಲ್ಲಿರುವುದು ಆಂಡ್ರಾಯ್ಡ್. ಹಾಗಾಗಿ ಇಲ್ಲಿ ಮುಖ್ಯವಾಗಿ ಅದರ ಬಗ್ಗೆಯೇ ಹೇಳುತ್ತೇನೆ. ಐಫೋನ್ ಬಗ್ಗೆ ಮುಂದೆ ಒಂದು ಭಾಗವಿದೆ. ಮೆನುಗಳ ಹೆಸರು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್ ತೆರೆದು ಮೇಲಿರುವ ಸರ್ಚ್‌ನಲ್ಲಿ ಆ ಹೆಸರು ಟೈಪ್ ಮಾಡಿ.

ಮೊದಲ ಹೆಜ್ಜೆ: ಯಾವ ವಾಲ್ಯೂಮ್ ಎಂದು ಗುರುತಿಸುವುದು

ಒಂದೇ ಟ್ಯಾಂಕಿಗೆ ಐದು ನಲ್ಲಿ ಕೂಡಿಸಿದ ಹಾಗೆ, ಒಂದೇ ಸ್ಪೀಕರ್‌ಗೆ ಆಂಡ್ರಾಯ್ಡ್ ಐದು ವಾಲ್ಯೂಮ್ ಕೊಟ್ಟಿದೆ. ಒಂದನ್ನು ತಿರುಗಿಸಿದರೆ ಇನ್ನೊಂದು ಬದಲಾಗಬೇಕೆಂದಿಲ್ಲ.

ಮೀಡಿಯಾ ವಾಲ್ಯೂಮ್: ಹಾಡು, ವಿಡಿಯೊ, ರೀಲ್ಸ್, ಗೇಮ್‌ಗಳ ಸದ್ದು. ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಅನ್ನು ಸ್ಪೀಕರ್‌ನಲ್ಲಿ ಕೇಳುವಾಗಲೂ ಇದೇ.
ಕಾಲ್ ವಾಲ್ಯೂಮ್: ಕರೆ ಎತ್ತಿದ ಮೇಲೆ ಆ ಕಡೆಯವರ ದನಿ.
ರಿಂಗ್ ವಾಲ್ಯೂಮ್: ಕರೆ ಬಂದಾಗ ಆಗುವ ರಿಂಗ್‌ಟೋನ್.
ನೋಟಿಫಿಕೇಶನ್ ವಾಲ್ಯೂಮ್: ಮೆಸೇಜು, ಆ್ಯಪ್‌ಗಳ ಟಣ್ ಟಣ್.
ಅಲಾರಂ ವಾಲ್ಯೂಮ್: ಬೆಳಗ್ಗೆ ಎಬ್ಬಿಸುವುದು, ಟೈಮರ್ ಮುಗಿದಾಗ ಕೂಗುವುದು.

ಗೊಂದಲ ಹುಟ್ಟುವುದು ಫೋನಿನ ಪಕ್ಕದಲ್ಲಿರುವ ಬಟನ್‌ನಿಂದ. ಬಟನ್ ಇರುವುದು ಒಂದು, ವಾಲ್ಯೂಮ್ ಇರುವುದು ಐದು. ಹಳೆಯ ಆಂಡ್ರಾಯ್ಡ್‌ನಲ್ಲಿ ಏನೂ ಓಡದೇ ಇದ್ದಾಗ ಬಟನ್ ಒತ್ತಿದರೆ ರಿಂಗ್ ವಾಲ್ಯೂಮ್ ಬದಲಾಗುತ್ತಿತ್ತು. 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದ ಅದು ಮೀಡಿಯಾ ವಾಲ್ಯೂಮ್‌ಗೆ ಹೋಯಿತು. ಹಳೆಯ ಫೋನ್ ಬಿಟ್ಟು ಹೊಸದು ಕೊಂಡವರು ಬಟನ್ ಪೂರ್ತಿ ಒತ್ತಿ, ಫುಲ್ ಇಟ್ಟಿದ್ದೀನಿ, ಆದ್ರೂ ರಿಂಗ್ ಕೇಳಲ್ಲ ಅನ್ನುವುದು ಇದಕ್ಕೇ. ಅವರು ಫುಲ್ ಇಟ್ಟಿರುವುದು ಮೀಡಿಯಾ. ರಿಂಗ್ ಇರುವಲ್ಲೇ ಇದೆ.

ಸರಿಮಾಡುವುದು ಹೀಗೆ:

1. ಬಟನ್ ಒಮ್ಮೆ ಒತ್ತಿ. ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ.
2. ಅದರ ಕೆಳಗೋ ಮೇಲೋ ಮೂರು ಚುಕ್ಕಿ ಅಥವಾ ಸೆಟ್ಟಿಂಗ್ಸ್ ಗುರುತು ಇರುತ್ತದೆ. ಅದನ್ನು ಮುಟ್ಟಿ. ಬೇರೆ ಬೇರೆ ಪಟ್ಟಿಗಳು ಒಟ್ಟಿಗೆ ಕಾಣಿಸುತ್ತವೆ.
3. ಬೇಕಾದ್ದನ್ನು ಬೆರಳಿನಿಂದ ಎಳೆದು ಹೆಚ್ಚು ಕಡಿಮೆ ಮಾಡಿ.

ಇದೇ ಪಟ್ಟಿಗಳು ಸೆಟ್ಟಿಂಗ್ಸ್‌ನ ಸೌಂಡ್ ಆ್ಯಂಡ್ ವೈಬ್ರೇಷನ್‌ನಲ್ಲೂ ಸಿಗುತ್ತವೆ. ಸ್ಯಾಮ್‌ಸಂಗ್‌ನಲ್ಲಿ ಅದರೊಳಗೆ ವಾಲ್ಯೂಮ್ ಎಂಬ ಇನ್ನೊಂದು ಬಾಗಿಲು ದಾಟಬೇಕು. ಬಟನ್ ಒತ್ತಿದರೆ ಮೀಡಿಯಾ ಬೇಕೋ ರಿಂಗ್‌ಟೋನ್ ಬೇಕೋ ಎಂದು ನೀವೇ ಆರಿಸುವ ಆಯ್ಕೆಯೂ ಸ್ಯಾಮ್‌ಸಂಗ್‌ನಲ್ಲಿ ಇದೆ. ಮನೆಯ ಹಿರಿಯರ ಫೋನಿನಲ್ಲಿ ಅದನ್ನು ರಿಂಗ್‌ಟೋನ್‌ಗೆ ಇಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಬಟನ್‌ನ ಹಳೇ ಅಭ್ಯಾಸ ಅವರಿಗಿದೆ, ಅದನ್ನು ಬದಲಿಸಿ ಏನು ಲಾಭ?

ಎರಡು ಸಣ್ಣ ವಿಷಯ. ಕಾಲ್ ವಾಲ್ಯೂಮ್ ಬದಲಿಸಲು ಸುಲಭ ದಾರಿ ಎಂದರೆ ಕರೆ ನಡೆಯುತ್ತಿರುವಾಗಲೇ ಬಟನ್ ಒತ್ತುವುದು. ಅಮ್ಮನಿಗೆ ಒಂದು ಕರೆ ಮಾಡಿ, ಮಾತಾಡುತ್ತಲೇ ಹೆಚ್ಚಿಸಿ. ಇನ್ನೊಂದು, ಕೆಲವು ಫೋನ್‌ಗಳಲ್ಲಿ ರಿಂಗ್ ಮತ್ತು ನೋಟಿಫಿಕೇಶನ್ ಒಂದೇ ಪಟ್ಟಿಗೆ ಅಂಟಿಕೊಂಡಿರುತ್ತವೆ. ಮೆಸೇಜ್ ಕಾಟ ತಾಳಲಾರದೆ ಅದನ್ನು ತಗ್ಗಿಸಿದರೆ ರಿಂಗೂ ತಗ್ಗುತ್ತದೆ. ಗೂಗಲ್‌ನ ಪಿಕ್ಸೆಲ್ ಫೋನ್‌ಗಳಲ್ಲಿ ಇವೆರಡೂ ಬೇರೆಯಾದದ್ದು ಆಂಡ್ರಾಯ್ಡ್ 14ರ ಹೊತ್ತಿಗೆ, 2023ರಲ್ಲಿ. ಸ್ಯಾಮ್‌ಸಂಗ್‌ನಲ್ಲಿ ಮೊದಲೇ ಬೇರೆ ಇದ್ದವು.

ಎರಡನೇ ಹೆಜ್ಜೆ: ಸದ್ದು ಎಲ್ಲಿಂದ ಹೊರಬರುತ್ತಿದೆ?

ಪಟ್ಟಿ ಪೂರ್ತಿ ಮೇಲಿದೆ, ಆದರೂ ಕೇಳಿಸುತ್ತಿಲ್ಲ. ಆಗ ಸದ್ದು ಬೇರೆ ಕಡೆ ಹೋಗುತ್ತಿದೆ ಎಂದು ಅನುಮಾನಿಸಿ.

ಮೊದಲ ಆರೋಪಿ ಬ್ಲೂಟೂತ್. ಕೆಳಗೆ ನಿಲ್ಲಿಸಿದ ಕಾರು, ರೂಮಿನಲ್ಲಿರುವ ಸ್ಪೀಕರ್, ಬ್ಯಾಗಿನೊಳಗೆ ಡಬ್ಬಿಯಿಂದ ಜಾರಿದ ಇಯರ್‌ಬಡ್, ಇವುಗಳಲ್ಲಿ ಯಾವುದಾದರೂ ಸದ್ದಿಲ್ಲದೆ ಕನೆಕ್ಟ್ ಆಗಿರುತ್ತದೆ. ಬ್ಲೂಟೂತ್ ಆಫ್ ಮಾಡಿ ನೋಡಿ. ಸ್ಪೀಕರ್‌ನಲ್ಲಿ ಸದ್ದು ಬಂದರೆ ಕಳ್ಳ ಸಿಕ್ಕಿದ ಹಾಗೆ. ಪದೇ ಪದೇ ಹೀಗಾದರೆ ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಆ ಸಾಧನದ ಹೆಸರಿನ ಪಕ್ಕದ ಗುರುತು ಒತ್ತಿ. ಒಳಗೆ ಫೋನ್ ಕಾಲ್ಸ್, ಮೀಡಿಯಾ ಆಡಿಯೊ ಎಂಬ ಎರಡು ಸ್ವಿಚ್ ಇರುತ್ತವೆ. ಕಾರಿನಲ್ಲಿ ಕರೆ ಮಾತ್ರ ಸಾಕು, ಹಾಡು ಬೇಡ ಎಂದರೆ ಎರಡನೆಯದನ್ನು ಆಫ್ ಮಾಡಬಹುದು.

ಹಾಡಿಗೆ ಸೊಗಸಾಗಿ ಕೇಳುವ ಇಯರ್‌ಬಡ್ ಆನ್‌ಲೈನ್ ಮೀಟಿಂಗ್‌ನಲ್ಲಿ ಹಳೇ ರೇಡಿಯೊದಂತೆ ಕೇಳುತ್ತದೆ ಎಂದು ಬೈಯುವವರಿದ್ದಾರೆ. ಬಡ್ ಕೆಟ್ಟಿಲ್ಲ. ಹಾಡು ಕೇಳುವಾಗ ಸದ್ದು ಒಂದೇ ದಿಕ್ಕಿಗೆ ಹೋಗುತ್ತದೆ. ಮೈಕ್ ಆನ್ ಆದೊಡನೆ ಎರಡೂ ದಿಕ್ಕಿಗೆ ಹೋಗಬೇಕಾಗಿ, ಬ್ಲೂಟೂತ್ ಕರೆಗೆಂದೇ ಇರುವ ಕಡಿಮೆ ಗುಣಮಟ್ಟಕ್ಕೆ ಇಳಿಯುತ್ತದೆ. ಫೋನಿನ ಮೈಕ್ ಬಳಸಿ, ಇಲ್ಲವೇ ವೈರ್ ಇರುವ ಇಯರ್‌ಫೋನ್ ಹಾಕಿ.

ಇನ್ನೊಂದು ಕಾಟ: ಕೆಲವು ಅಗ್ಗದ ಇಯರ್‌ಬಡ್‌ಗಳಲ್ಲಿ ವಾಲ್ಯೂಮ್ ಒಂದೇ ಹೆಜ್ಜೆ ಏರಿಸಿದರೂ ಕಿವಿಗೆ ಬಡಿಯುತ್ತದೆ. ಫೋನಿನ ವಾಲ್ಯೂಮ್ ಮತ್ತು ಬಡ್‌ನ ವಾಲ್ಯೂಮ್ ಎರಡನ್ನೂ ಆಂಡ್ರಾಯ್ಡ್ ಒಂದಕ್ಕೊಂದು ಕಟ್ಟಿಹಾಕಿರುವುದು ಇದಕ್ಕೆ ಕಾರಣವಿರಬಹುದು. ಬಿಡಿಸಲು ಅಬೌಟ್ ಫೋನ್‌ಗೆ ಹೋಗಿ ಬಿಲ್ಡ್ ನಂಬರ್ ಅನ್ನು 7 ಸಲ ಒತ್ತಿ. ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅಲ್ಲಿ ಡಿಸೇಬಲ್ ಆ್ಯಬ್ಸಲ್ಯೂಟ್ ವಾಲ್ಯೂಮ್ ಆನ್ ಮಾಡಿ, ಬಡ್ ಮತ್ತೆ ಕನೆಕ್ಟ್ ಮಾಡಿ. ಶಿಯೋಮಿ ಫೋನ್‌ಗಳಲ್ಲಿ ಈ ನಂಬರ್‌ನ ಹೆಸರು ಬೇರೆ ಇರಬಹುದು. ಡೆವಲಪರ್ ಆಪ್ಷನ್ಸ್ ತೆರೆದಿದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತಕರಾರು ತೆಗೆಯುತ್ತವೆ. ಆಗ ಅದನ್ನು ಆಫ್ ಮಾಡಬೇಕಾಗುತ್ತದೆ.

ಎರಡನೇ ಆರೋಪಿಯನ್ನು ಯಾರೂ ಅನುಮಾನಿಸುವುದೇ ಇಲ್ಲ. ಅದು ಫೋನಿನ ಮೇಲ್ತುದಿಯ ಸೆನ್ಸರ್. ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಓಡುತ್ತಿರುವಾಗ ಫೋನ್ ಕಿವಿಗೆ ಹಿಡಿದರೆ ಸದ್ದು ಸ್ಪೀಕರ್‌ನಿಂದ ಕಿವಿಯ ಬಳಿಯ ಸಣ್ಣ ಸ್ಪೀಕರ್‌ಗೆ ಹೋಗುತ್ತದೆ, ಪರದೆಯೂ ಕಪ್ಪಾಗುತ್ತದೆ. ಪಕ್ಕದವರಿಗೆ ಕೇಳದಿರಲಿ ಎಂದು ಮಾಡಿದ ಅನುಕೂಲ ಇದು. ಆದರೆ ಸರಿಯಾಗಿ ಕೂರದ ಸ್ಕ್ರೀನ್ ಗಾರ್ಡ್ ಅಥವಾ ಧೂಳು ಆ ಸೆನ್ಸರ್ ಮುಚ್ಚಿದ್ದರೆ, ಟೇಬಲ್ ಮೇಲಿಟ್ಟರೂ ಫೋನ್ ತಾನು ಕಿವಿಯ ಹತ್ತಿರವಿದ್ದೇನೆ ಅಂದುಕೊಳ್ಳುತ್ತದೆ. ವಾಯ್ಸ್ ಮೆಸೇಜ್ ಮಾತ್ರ ಕೇಳಿಸದೆ, ಯೂಟ್ಯೂಬ್ ಸರಿಯಾಗಿದ್ದರೆ ಮೊದಲು ಗಾರ್ಡ್ ನೋಡಿ.

ಇಯರ್‌ಫೋನ್ ತೆಗೆದ ಮೇಲೂ ಮೇಲ್ಗಡೆ ಹೆಡ್‌ಫೋನ್ ಗುರುತು ಉಳಿದಿದ್ದರೆ ಜ್ಯಾಕ್‌ನಲ್ಲಿ ಕಸ ಅಥವಾ ತೇವ ಇರಬಹುದು. ಇಯರ್‌ಫೋನ್ ನಾಲ್ಕೈದು ಸಲ ಹಾಕಿ ತೆಗೆಯಿರಿ, ಫೋನ್ ರೀಸ್ಟಾರ್ಟ್ ಮಾಡಿ. ಪಿನ್ನು, ಸೂಜಿ ಹಾಕಿ ಕೆದಕಬೇಡಿ.

ಒಂದೇ ಕಿವಿಯಲ್ಲಿ ಕೇಳುತ್ತಿದೆಯೇ? ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಆಡಿಯೊ ಬ್ಯಾಲೆನ್ಸ್ ಎಂಬ ಪಟ್ಟಿ ಇದೆ. ಅದು ಎಡಕ್ಕೋ ಬಲಕ್ಕೋ ಸರಿದಿದ್ದರೆ ನಡುವೆ ತನ್ನಿ. ಅದರ ಹತ್ತಿರವೇ ಮೋನೋ ಆಡಿಯೊ ಎಂಬ ಸ್ವಿಚ್ ಇದೆ. ಎರಡೂ ಕಡೆಯ ಸದ್ದನ್ನು ಸೇರಿಸಿ ಎರಡೂ ಕಿವಿಗೆ ಕೊಡುತ್ತದೆ. ಒಂದು ಕಿವಿ ಮಂದವಾಗಿರುವವರಿಗೆ ಇದು ದೊಡ್ಡ ಉಪಕಾರ. ಒಂದೇ ಬಡ್ ಹಾಕಿಕೊಂಡು ಹಳೆಯ ಚಿತ್ರಗೀತೆ ಕೇಳುವವರಿಗೂ ಉಪಯೋಗ. ಕೆಲವು ರೆಕಾರ್ಡಿಂಗ್‌ಗಳಲ್ಲಿ ವಾದ್ಯ ಒಂದು ಕಡೆ, ದನಿ ಇನ್ನೊಂದು ಕಡೆ ಇರುತ್ತದೆ. ಒಂದೇ ಬಡ್ ಹಾಕಿದರೆ ಹಾಡು ಅರ್ಧಕ್ಕರ್ಧ ಕಾಣೆ.

ಮೂರನೇ ಹೆಜ್ಜೆ: ತಡೆದಿರುವುದು ಯಾರು?

ಹೆಚ್ಚು ಮಿಸ್ಡ್ ಕಾಲ್ ಆಗುವುದು ಇಲ್ಲೇ. ವೈಬ್ರೇಟ್, ಸೈಲೆಂಟ್, ಡು ನಾಟ್ ಡಿಸ್ಟರ್ಬ್ ಮೂರೂ ಒಂದೇ ಎಂದು ಹಲವರು ತಿಳಿದಿದ್ದಾರೆ. ವೈಬ್ರೇಟ್‌ನಲ್ಲಿ ರಿಂಗ್ ಬದಲು ಅದುರುತ್ತದೆ. ಸೈಲೆಂಟ್‌ನಲ್ಲಿ ರಿಂಗೂ ನೋಟಿಫಿಕೇಶನ್ನೂ ಮೌನ. ಈ ಎರಡರಲ್ಲೂ ಅಲಾರಂ ಕೂಗುತ್ತದೆ, ಮೀಡಿಯಾ ಸದ್ದೂ ಬರುತ್ತದೆ. ಸೈಲೆಂಟ್‌ನಲ್ಲಿಟ್ಟು ಮೀಟಿಂಗ್‌ನಲ್ಲಿ ಕೂತಿದ್ದರೂ, ಯಾರೋ ಕಳಿಸಿದ ವಿಡಿಯೊ ಕೈ ತಾಗಿ ಓಡಿದರೆ ಎಲ್ಲರಿಗೂ ಕೇಳಿಸುವುದು ಅದಕ್ಕೇ.

ಡು ನಾಟ್ ಡಿಸ್ಟರ್ಬ್ ಬೇರೆ ಜಾತಿ. ಫೋನ್ ಭಾಷೆ ಕನ್ನಡಕ್ಕೆ ಇಟ್ಟಿದ್ದರೆ ‘ಅಡಚಣೆ ಮಾಡಬೇಡಿ’ ಎಂದು ಕಾಣುತ್ತದೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ಇದಕ್ಕೆ ಹೇಳಿಕೊಡಬಹುದು. ಒಮ್ಮೆ ಕೂತು ಸರಿಯಾಗಿ ಹೊಂದಿಸಿದರೆ, ರಾತ್ರಿ ಫೋನ್ ಸೈಲೆಂಟ್ ಮಾಡಿ ಬೆಳಗ್ಗೆ ತೆಗೆಯಲು ಮರೆಯುವ ಕಥೆ ಮುಗಿಯುತ್ತದೆ.

1. ಸೌಂಡ್ ಅಥವಾ ನೋಟಿಫಿಕೇಶನ್ಸ್ ಭಾಗದಲ್ಲಿ ಡು ನಾಟ್ ಡಿಸ್ಟರ್ಬ್ ತೆರೆಯಿರಿ. ಹೊಸ ಫೋನ್‌ಗಳಲ್ಲಿ ಇದು ಮೋಡ್ಸ್ ಎಂಬುದರೊಳಗೆ ಇರಬಹುದು.
2. ಕಾಲ್ಸ್‌ನಲ್ಲಿ ಸ್ಟಾರ್ಡ್ ಅಥವಾ ಫೇವರಿಟ್ ಕಾಂಟ್ಯಾಕ್ಟ್ಸ್ ಆರಿಸಿ. ಮನೆಯವರ ಹೆಸರುಗಳಿಗೆ ಕಾಂಟ್ಯಾಕ್ಟ್ಸ್‌ನಲ್ಲಿ ನಕ್ಷತ್ರದ ಗುರುತು ಹಾಕಿ.
3. ರಿಪೀಟ್ ಕಾಲರ್ಸ್ ಆನ್ ಇರಲಿ. ಒಂದೇ ನಂಬರ್‌ನಿಂದ 15 ನಿಮಿಷದೊಳಗೆ ಎರಡನೇ ಸಲ ಕರೆ ಬಂದರೆ ರಿಂಗ್ ಆಗುತ್ತದೆ. ನಡುರಾತ್ರಿ ಆಸ್ಪತ್ರೆಯಿಂದ ಯಾರೋ ಕರೆ ಮಾಡಿದರೆ ಉಪಯೋಗಕ್ಕೆ ಬರುವುದು ಇದೇ.
4. ಅಲಾರಂಗೆ ಅನುಮತಿ ಇದೆಯಾ ನೋಡಿ. ಮಾಮೂಲಾಗಿ ಇರುತ್ತದೆ, ಆದರೆ ಆಫ್ ಮಾಡುವ ಅವಕಾಶವೂ ಇದೆ.
5. ಶೆಡ್ಯೂಲ್‌ನಲ್ಲಿ ಶುರುವಿನ ಮತ್ತು ಮುಗಿಯುವ ಹೊತ್ತು ಕೊಡಿ.

ನೀವು ಮುಟ್ಟದೇ ಇದ್ದರೂ ಫೋನ್ ತಾನಾಗಿ ಮೌನವಾಗುತ್ತಿದೆಯೇ? ಈ ಶೆಡ್ಯೂಲ್ ನೋಡಿ, ಸೆಟ್ಟಿಂಗ್ಸ್‌ನ ಡಿಜಿಟಲ್ ವೆಲ್‌ಬೀಯಿಂಗ್ ಭಾಗದಲ್ಲಿ ಮಲಗುವ ಹೊತ್ತಿಗೆಂದಿರುವ ಬೆಡ್‌ಟೈಮ್ ಮೋಡ್ ನೋಡಿ. ಮಗುಚಿ ಇಟ್ಟರೆ ಮೌನವಾಗುವ ಗೆಶ್ಚರ್ ಪಿಕ್ಸೆಲ್, ಮೋಟೊ ಫೋನ್‌ಗಳಲ್ಲಿದೆ. ಪವರ್ ಮತ್ತು ವಾಲ್ಯೂಮ್ ಅಪ್ ಒಟ್ಟಿಗೆ ಒತ್ತಿದರೆ ವೈಬ್ರೇಟ್‌ಗೆ ಹೋಗುವ ಪ್ರಿವೆಂಟ್ ರಿಂಗಿಂಗ್ ಎಂಬುದೂ ಒಂದಿದೆ. ಬಿಗಿ ಪ್ಯಾಂಟಿನ ಜೇಬಿನಲ್ಲಿ ಅದು ತಾನೇ ಒತ್ತಿಕೊಳ್ಳಬಹುದು. ಸಿಸ್ಟಮ್‌ನ ಗೆಶ್ಚರ್ಸ್‌ನಲ್ಲಿ ಆಫ್ ಮಾಡಿ.

ಕೊರಿಯರ್‌ನವರ ಕರೆ, ಗ್ಯಾಸ್ ಸಿಲಿಂಡರ್‌ನವರ ಕರೆ ಮಾತ್ರ ತಪ್ಪುತ್ತಿದ್ದರೆ ಅಪರಿಚಿತ ನಂಬರ್ ತಡೆಯುವ ಆಯ್ಕೆ ಆನ್ ಆಗಿರಬಹುದು. ಫೋನ್ ಆ್ಯಪ್‌ನ ಬ್ಲಾಕ್ ಮತ್ತು ಸ್ಪ್ಯಾಮ್ ಸೆಟ್ಟಿಂಗ್ ನೋಡಿ. ವಾಟ್ಸ್‌ಆ್ಯಪ್‌ನಲ್ಲೂ ಪ್ರೈವೆಸಿ, ಕಾಲ್ಸ್ ಒಳಗೆ ಸೈಲೆನ್ಸ್ ಅನ್‌ನೋನ್ ಕಾಲರ್ಸ್ ಎಂದಿದೆ. ವಾಟ್ಸ್‌ಆ್ಯಪ್‌ನದನ್ನು ಆನ್ ಇಡಿ, ಮಾಮೂಲಿ ಕರೆಯದ್ದನ್ನು ಆಫ್ ಇಡಿ ಎನ್ನುತ್ತೇನೆ. ವಂಚಕರಿಗೆ ವಾಟ್ಸ್‌ಆ್ಯಪ್ ಕರೆ ಇಷ್ಟ, ಕೊರಿಯರ್‌ನವರು ನೇರ ಫೋನ್ ಮಾಡುತ್ತಾರೆ.

ಟಣ್ ಅಂದದ್ದು ಯಾರು?

ಸದ್ದಾಯಿತು, ನೋಡಿದರೆ ಏನೂ ಇಲ್ಲ. ಆಂಡ್ರಾಯ್ಡ್ 11ರಿಂದ ಇದಕ್ಕೆ ಒಂದು ಉತ್ತರ ಇದೆ. ನೋಟಿಫಿಕೇಶನ್ಸ್ ಸೆಟ್ಟಿಂಗ್‌ನಲ್ಲಿ ನೋಟಿಫಿಕೇಶನ್ ಹಿಸ್ಟರಿ ಆನ್ ಮಾಡಿಡಿ. ಆಮೇಲೆ ಬಂದುಹೋದ ನೋಟಿಫಿಕೇಶನ್‌ಗಳು ಅಲ್ಲಿ ಸಿಗುತ್ತವೆ.

ಆರೋಪಿ ಸಿಕ್ಕಿದ ಮೇಲೆ ಆ್ಯಪ್ ಪೂರ್ತಿ ಮ್ಯೂಟ್ ಮಾಡುವ ಆತುರ ಬೇಡ. 2017ರ ಆಂಡ್ರಾಯ್ಡ್ 8ರಿಂದ ಪ್ರತಿ ಆ್ಯಪ್‌ನ ನೋಟಿಫಿಕೇಶನ್‌ಗಳು ಬಗೆಬಗೆಯಾಗಿ ವಿಂಗಡವಾಗಿವೆ. ಊಟ ತರಿಸುವ ಆ್ಯಪ್‌ನಲ್ಲಿ ಆರ್ಡರ್ ಸುದ್ದಿ ಒಂದು, ಆಫರ್‌ಗಳ ಗದ್ದಲ ಇನ್ನೊಂದು. ನೋಟಿಫಿಕೇಶನ್ ಬಂದಾಗ ಅದನ್ನು ಒತ್ತಿ ಹಿಡಿಯಿರಿ. ಸೈಲೆಂಟ್ ಎಂಬ ಆಯ್ಕೆ ಬರುತ್ತದೆ. ಆ ಬಗೆಯದ್ದಕ್ಕೆ ಮಾತ್ರ ಸದ್ದು ನಿಲ್ಲುತ್ತದೆ. ಕೆಲವು ಆ್ಯಪ್‌ಗಳು ಜಾಣತನದಿಂದ ಎಲ್ಲವನ್ನೂ ಒಂದೇ ಬಗೆಯಲ್ಲಿ ತುಂಬಿರುತ್ತವೆ. ಅಂಥದ್ದಕ್ಕೆ ಪೂರ್ತಿ ಮ್ಯೂಟೇ ಮದ್ದು.

ವಾಟ್ಸ್‌ಆ್ಯಪ್‌ಗೆ ತನ್ನದೇ ಒಳಸೆಟ್ಟಿಂಗ್ ಇದೆ. ಅದರ ನೋಟಿಫಿಕೇಶನ್ಸ್‌ನಲ್ಲಿ ಮೆಸೇಜಿಗೆ, ಗ್ರೂಪಿಗೆ, ಕರೆಗೆ ಬೇರೆ ಬೇರೆ ಟೋನ್ ಇಡಬಹುದು. ನನ್ನ ಸಲಹೆ: ಗ್ರೂಪಿಗೆ ‘ನನ್’ (None), ಅಂದರೆ ಯಾವ ಟೋನೂ ಬೇಡ ಎಂದು ಇಡಿ. ಗುಡ್ ಮಾರ್ನಿಂಗ್ ಹೂಗಳು ಸದ್ದಿಲ್ಲದೆ ಬರಲಿ. ಹಾಗೆಯೇ ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ರಿಂಗ್‌ಟೋನ್ ಇಡಿ, ಆಫೀಸಿನ ಕರೆಯೋ ಮನೆಯದೋ ದೂರದಿಂದಲೇ ಗೊತ್ತಾಗುತ್ತದೆ.

ಮಾಮೂಲಿ ಸೆಟ್ಟಿಂಗ್‌ಗೆ ಬಗ್ಗದ ಸದ್ದುಗಳು

2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಬಹಳಷ್ಟು ಫೋನ್‌ಗಳು ಒಟ್ಟಿಗೆ ಚೀರಿದ್ದು ನೆನಪಿರಬಹುದು. ಅದು ಸರ್ಕಾರದ ತುರ್ತು ಎಚ್ಚರಿಕೆಯ ಪರೀಕ್ಷೆ. ಅಂಥ ಸಂದೇಶ ಬೇರೆ ದಾರಿಯಲ್ಲಿ ಬರುತ್ತದೆ, ಮಾಮೂಲಿ ವಾಲ್ಯೂಮ್ ಪಟ್ಟಿಗಳ ಮಾತು ಕೇಳುವುದಿಲ್ಲ. ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್ ಎಂದು ಹುಡುಕಿದರೆ ಅದರ ಆಯ್ಕೆಗಳು ಸಿಗುತ್ತವೆ. ಪ್ರವಾಹ, ಸಿಡಿಲಿನ ಕಾಲಕ್ಕೆ ಬೇಕಾದದ್ದು, ಆಫ್ ಮಾಡಬೇಡಿ.

ಇನ್ನು ಕಾಲರ್ ಟ್ಯೂನ್. ರಿಂಗ್‌ಟೋನ್ ಕೇಳುವುದು ನಿಮಗೆ, ಕಾಲರ್ ಟ್ಯೂನ್ ಕೇಳುವುದು ನಿಮಗೆ ಕರೆ ಮಾಡಿದವರಿಗೆ. ಎರಡನೆಯದು ಇರುವುದು ಸಿಮ್ ಕಂಪನಿಯ ಬಳಿ. ಫೋನಿನಲ್ಲಿ ಎಷ್ಟು ಹುಡುಕಿದರೂ ಸಿಗದು. ಅವರ ಆ್ಯಪ್‌ನಲ್ಲೋ ಕಸ್ಟಮರ್ ಕೇರ್‌ನಲ್ಲೋ ತೆಗೆಸಬೇಕು. 2020ರಲ್ಲಿ ಕೆಮ್ಮಿನ ಸದ್ದಿನಿಂದ ಶುರುವಾಗುತ್ತಿದ್ದ ಕೊರೊನಾ ಸಂದೇಶವೂ ನೆಟ್‌ವರ್ಕ್‌ನಿಂದಲೇ ಬರುತ್ತಿತ್ತು.

ಐಫೋನ್ ಇದ್ದವರಿಗೆ

ಸೌಂಡ್ಸ್ ಆ್ಯಂಡ್ ಹ್ಯಾಪ್ಟಿಕ್ಸ್‌ನಲ್ಲಿ ರಿಂಗ್‌ಟೋನ್ ಪಟ್ಟಿಯ ಕೆಳಗೆ ಚೇಂಜ್ ವಿತ್ ಬಟನ್ಸ್ ಎಂದಿದೆ. ಆಫ್ ಇದ್ದರೆ ಪಕ್ಕದ ಬಟನ್ ರಿಂಗ್ ಅನ್ನು ಮುಟ್ಟುವುದಿಲ್ಲ. ಅಲಾರಂ ಸದ್ದು ಮಾಮೂಲಾಗಿ ಈ ರಿಂಗ್‌ಟೋನ್ ಪಟ್ಟಿಯನ್ನೇ ಅನುಸರಿಸುತ್ತದೆ. ಇದು ಆಂಡ್ರಾಯ್ಡ್‌ನಿಂದ ಬಂದವರಿಗೆ ಗೊತ್ತಿರುವುದಿಲ್ಲ. ರಾತ್ರಿ ರಿಂಗ್ ತಗ್ಗಿಸಿ ಮಲಗಿದರೆ ಬೆಳಗ್ಗೆ ಅಲಾರಂ ಕೂಡ ತಗ್ಗಿರುತ್ತದೆ. ತಗ್ಗಿಸುವ ಬದಲು ಸೈಲೆಂಟ್ ಮಾಡಿ, ಅಲಾರಂ ಜೋರಾಗಿಯೇ ಕೂಗುತ್ತದೆ. ಸೈಲೆಂಟ್‌ಗೆ ಎಡಬದಿಯಲ್ಲಿದ್ದ ಸ್ವಿಚ್ 2023ರ 15 ಪ್ರೊ ಮಾಡೆಲ್‌ನಿಂದ ಆ್ಯಕ್ಷನ್ ಬಟನ್ ಆಗಿದೆ, ಒತ್ತಿ ಹಿಡಿಯಬೇಕು. ಫೇಸ್ ಐಡಿ ಇರುವ ಫೋನಿನಲ್ಲಿ ರಿಂಗ್ ಆಗುವಾಗ ನೋಡಿದ ಕೂಡಲೇ ಸದ್ದು ತಗ್ಗಿದರೆ ಅದು ಅಟೆನ್ಷನ್ ಅವೇರ್ ಎಂಬ ಸೌಲಭ್ಯ, ಕೆಟ್ಟದ್ದಲ್ಲ. ಐಫೋನ್‌ನಲ್ಲಿ ಡು ನಾಟ್ ಡಿಸ್ಟರ್ಬ್ ಇರುವುದು ಫೋಕಸ್ ಎಂಬುದರೊಳಗೆ. ಅದರಲ್ಲಿ ಅದೇ ನಂಬರ್‌ನ ಎರಡನೇ ಕರೆ ಒಳಗೆ ಬರಲು ಸಿಗುವ ಅವಧಿ 3 ನಿಮಿಷ ಮಾತ್ರ.

ಹಿರಿಯರ ಫೋನ್ ಹೊಂದಿಸುವಾಗ

ವಯಸ್ಸಾದಂತೆ ಮೊದಲು ಕಡಿಮೆಯಾಗುವುದು ತೆಳು, ಕೀಚು ಸ್ವರಗಳನ್ನು ಕೇಳುವ ಶಕ್ತಿ. ಆದ್ದರಿಂದ ಕಿಣಿಕಿಣಿ ರಿಂಗ್‌ಟೋನ್ ಅನ್ನು ಎಷ್ಟು ಜೋರು ಮಾಡಿದರೂ ಪಕ್ಕದ ರೂಮಿನಲ್ಲಿರುವ ಅಜ್ಜಿಗೆ ಕೇಳದಿರಬಹುದು. ದಪ್ಪ ಸ್ವರದ ರಿಂಗ್‌ಟೋನ್ ಇಡಿ. ರಿಂಗ್ ಜೊತೆ ವೈಬ್ರೇಟ್ ಆನ್ ಮಾಡಿ. ಆಕ್ಸೆಸಿಬಿಲಿಟಿಯಲ್ಲಿ ಫ್ಲ್ಯಾಶ್ ನೋಟಿಫಿಕೇಶನ್ಸ್ ಇದ್ದರೆ ಅದನ್ನೂ ಆನ್ ಮಾಡಿ, ಕರೆ ಬಂದಾಗ ಕ್ಯಾಮೆರಾ ಬೆಳಕು ಮಿನುಗುತ್ತದೆ. ಸ್ಯಾಮ್‌ಸಂಗ್‌ನ ಅಡಾಪ್ಟ್ ಸೌಂಡ್‌ನಲ್ಲಿ 60 ದಾಟಿದವರಿಗೆಂದೇ ಒಂದು ಆಯ್ಕೆ ಇದೆ.

ವಿಡಿಯೊಗಳಲ್ಲಿ ಮಾತು ಅಸ್ಪಷ್ಟ ಅನಿಸಿದರೆ ಸೌಂಡ್ ಸೆಟ್ಟಿಂಗ್‌ನಲ್ಲಿ ಇಕ್ವಲೈಜರ್ ತೆರೆಯಿರಿ. ದಪ್ಪ, ತೆಳು ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಪಟ್ಟಿಗಳು ಅಲ್ಲಿರುತ್ತವೆ, ಹರ್ಟ್ಸ್ ಸಂಖ್ಯೆ ಕಡಿಮೆ ಇದ್ದಷ್ಟೂ ಸ್ವರ ದಪ್ಪ. ಎಡತುದಿಯ 60 ಹರ್ಟ್ಸ್ ಪಟ್ಟಿ ಇಳಿಸಿ, 910 ಮತ್ತು 3600ರ ಆಸುಪಾಸಿನವನ್ನು ಸ್ವಲ್ಪ ಏರಿಸಿ. ಮಾತಿನ ಸ್ಪಷ್ಟತೆ ಬಹುಮಟ್ಟಿಗೆ ಇರುವುದು ಅಲ್ಲೇ. ಸದ್ದು ಸುಧಾರಿಸುವ ಡಾಲ್ಬಿ ಸೌಲಭ್ಯ ಫೋನಿನಲ್ಲಿ ಇದ್ದರೆ ಅದರಲ್ಲಿ ವಾಯ್ಸ್ ಎಂಬ ಆಯ್ಕೆ ನೋಡಿ. ವಾಲ್ಯೂಮ್ ಬೂಸ್ಟರ್ ಆ್ಯಪ್‌ಗಳನ್ನು ಮಾತ್ರ ಹಾಕಬೇಡಿ. ಸದ್ದು ಒಡೆಯುತ್ತದೆ, ಜಾಹೀರಾತು ತುಂಬುತ್ತದೆ, ಸಣ್ಣ ಸ್ಪೀಕರ್ ಹಾಳಾಗುವ ಭಯವೂ ಇದೆ.

ಕಿವಿಯ ಲೆಕ್ಕ

ಇಯರ್‌ಫೋನ್ ವಾಲ್ಯೂಮ್ ಏರಿಸುವಾಗ ಬರುವ ಎಚ್ಚರಿಕೆ ಸುಮ್ನೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ (ಸದ್ದಿನ ಜೋರನ್ನು ಅಳೆಯುವ ಮಾನ) ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಅದೇ 90 ಆದರೆ ವಾರಕ್ಕೆ 4 ಗಂಟೆ ಮಾತ್ರ. ಬಸ್ಸಿನ ಗದ್ದಲ ಮೀರಿಸಲು ನಾವು ಏರಿಸುತ್ತಾ ಹೋಗುತ್ತೇವೆ, ಇಳಿದ ಮೇಲೆ ತಗ್ಗಿಸಲು ಮರೆಯುತ್ತೇವೆ. ಕಿವಿಗೆ ಬಿಗಿಯಾಗಿ ಕೂರುವ ರಬ್ಬರ್ ತುದಿ ಹಾಕಿದರೆ ಕಡಿಮೆ ವಾಲ್ಯೂಮ್ ಸಾಕಾಗುತ್ತದೆ. ಐಫೋನ್‌ನಲ್ಲಿ ಹೆಡ್‌ಫೋನ್ ಸೇಫ್ಟಿ, ಸ್ಯಾಮ್‌ಸಂಗ್‌ನಲ್ಲಿ ಮೀಡಿಯಾ ವಾಲ್ಯೂಮ್ ಲಿಮಿಟ್ ಇವೆ. ಮಕ್ಕಳ ಕೈಗೆ ಕೊಡುವ ಫೋನಿನಲ್ಲಿ ಹಾಕಿಡಿ. ಇಯರ್‌ಫೋನೇ ಬೇಡ, ಸ್ಪೀಕರ್ ಸಾಕು ಅನ್ನುವ ಹಾಗೂ ಇಲ್ಲ. ಬಸ್ಸಿನಲ್ಲಿ ಮೊಬೈಲ್ ಜೋರಾಗಿ ಹಾಕುವುದನ್ನು ಕೆಎಸ್‌ಆರ್‌ಟಿಸಿ 2021ರಲ್ಲೇ ನಿಷೇಧಿಸಿದೆ.

ಏನು ಮಾಡಿದರೂ ಸರಿಹೋಗದಿದ್ದರೆ

ಸ್ಪೀಕರ್ ಜಾಲರಿಗೆ ಒಣ, ಮೆತ್ತನೆಯ ಬ್ರಷ್ ಆಡಿಸಿ. ನೀರು, ಸ್ಪಿರಿಟ್ ಬೇಡ. ಫೋನಿನ ಅಂಚಿನಲ್ಲಿರುವ ಸೂಜಿ ತೂತುಗಳಲ್ಲಿ ಒಂದು ಸಿಮ್ ಟ್ರೇಯದ್ದು, ಉಳಿದವು ಸಾಮಾನ್ಯವಾಗಿ ಮೈಕ್. ಸಿಮ್ ಪಿನ್ನನ್ನು ಮೈಕ್ ತೂತಿಗೆ ಚುಚ್ಚಿದರೆ ನಿಮ್ಮ ಮಾತು ಆ ಕಡೆಯವರಿಗೆ ಕೇಳದೇ ಹೋಗಬಹುದು. ಕವರ್ ತೆಗೆದು ಒಮ್ಮೆ ಕರೆ ಮಾಡಿ ನೋಡಿ, ಕೆಲವೊಮ್ಮೆ ಮೈಕ್ ಮುಚ್ಚಿರುವುದು ಅದೇ.

ಸ್ಯಾಮ್‌ಸಂಗ್‌ನ ಹೆಚ್ಚಿನ ಫೋನ್‌ಗಳಲ್ಲಿ ಡಯಲರ್ ತೆರೆದು *#0*# ಒತ್ತಿದರೆ ಪರೀಕ್ಷೆಯ ಪರದೆ ಬರುತ್ತದೆ. ಅಲ್ಲಿ ಸ್ಪೀಕರ್ ಮತ್ತು ರಿಸೀವರ್ (ಕಿವಿಯ ಬಳಿಯ ಸಣ್ಣ ಸ್ಪೀಕರ್) ಬಟನ್ ಒತ್ತಿ. ಸದ್ದು ಸರಿಯಾಗಿ ಬಂದರೆ ಯಂತ್ರ ಚೆನ್ನಾಗಿದೆ, ತೊಂದರೆ ಸೆಟ್ಟಿಂಗ್‌ನಲ್ಲಿ. ಆಗ ರೀಸೆಟ್ ಆಲ್ ಸೆಟ್ಟಿಂಗ್ಸ್ ಕೊಡಬಹುದು. ಫೋಟೊ, ಆ್ಯಪ್‌ಗಳು ಹೋಗುವುದಿಲ್ಲ, ಹೊಂದಿಸಿಟ್ಟ ಆಯ್ಕೆಗಳು ಮಾತ್ರ ಮೊದಲಿನಂತಾಗುತ್ತವೆ. ಅದರ ಪಕ್ಕದಲ್ಲೇ ಇರುವ ಫ್ಯಾಕ್ಟರಿ ಡೇಟಾ ರೀಸೆಟ್ ಒತ್ತಬೇಡಿ, ಅದು ಎಲ್ಲ ಅಳಿಸುತ್ತದೆ. ಪರೀಕ್ಷೆಯಲ್ಲೂ ಸದ್ದು ಬರದಿದ್ದರೆ ಸರ್ವಿಸ್ ಸೆಂಟರ್‌ಗೆ ಹೋಗಿ. ಅಲ್ಲಿ ಬರೀ ಸೌಂಡ್ ಇಲ್ಲ ಎನ್ನಬೇಡಿ. “ರಿಂಗ್ ಬರುತ್ತೆ, ಕರೆಯಲ್ಲಿ ಕಿವಿಗೆ ಕೇಳಲ್ಲ, ಸ್ಪೀಕರ್‌ಗೆ ಹಾಕಿದ್ರೆ ಕೇಳುತ್ತೆ” ಎಂದು ಬಿಡಿಸಿ ಹೇಳಿ. ಬದಲಿಸಬೇಕಾದದ್ದು ಕಿವಿಯ ಬಳಿಯ ಸಣ್ಣ ಸ್ಪೀಕರ್ ಎಂದು ಅವರಿಗೂ ಗೊತ್ತಾಗುತ್ತದೆ, ಬೇಡದ ಭಾಗಕ್ಕೆ ಬಿಲ್ ಆಗುವುದೂ ತಪ್ಪುತ್ತದೆ.